ಜೋಡಿ ಪ್ಯಾಕ್ ಸಂಗ್ರಹ: ವೈಜ್ಞಾನಿಕ ಕಥಾಲೋಕದ ಗೊಂಬೆಗಳನ್ನು ಎರಡೆರಡಾಗಿ ಕೂಡಿಡುವುದು ಹೇಗೆ?

ನಾಯಕ ಮತ್ತು ಖಳನಾಯಕ, ಮನುಷ್ಯ ಮತ್ತು ರೋಬಾಟ್, ಬೇಟೆಗಾರ ಮತ್ತು ಬೇಟೆ – ಹೀಗೆ ಕಥೆಯಲ್ಲಿ ಒಬ್ಬರಿಗೊಬ್ಬರು ಎದುರಾಗುವ ಪಾತ್ರಗಳನ್ನು ಒಂದೇ ಪೊಟ್ಟಣದಲ್ಲಿಟ್ಟು ಮಾರುವ ಪದ್ಧತಿ ಕೈಕಾಲು ಆಡಿಸಬಹುದಾದ ಪಾತ್ರಗೊಂಬೆಗಳ, ಅಂದರೆ ಆಕ್ಷನ್ ಫಿಗರ್‌ಗಳ ಲೋಕದಲ್ಲಿ ಬಹುಕಾಲದಿಂದ ಇದೆ. ಸಂಗ್ರಾಹಕರು ಇದನ್ನು ‘ಟೂ ಪ್ಯಾಕ್’ ಅಥವಾ ಜೋಡಿ ಪ್ಯಾಕ್ ಎನ್ನುತ್ತಾರೆ. ಬಿಡಿ ಗೊಂಬೆಗಳನ್ನು ಕೂಡಿಡುವವರ ಕ್ರಮವನ್ನೇ ಇಲ್ಲಿಯೂ ಅನುಸರಿಸಿದರೆ ಕಪಾಟಿನಲ್ಲಿ ಜೊತೆ ತಪ್ಪಿದ ಗೊಂಬೆಗಳೂ, ಯಾರ ಕೈಯದೆಂದು ತಿಳಿಯದ ಬಂದೂಕುಗಳೂ ಬೇಗನೆ ತುಂಬಿಕೊಳ್ಳುತ್ತವೆ. ಆದ್ದರಿಂದ ಜೋಡಿಯನ್ನು ಎರಡು ಗೊಂಬೆಗಳೆಂದು ನೋಡದೆ ಒಂದೇ ವಸ್ತುವೆಂದು ಪರಿಗಣಿಸಬೇಕು. ಕೊಳ್ಳುವುದರಿಂದ ಹಿಡಿದು ಜೋಪಾನ ಮಾಡುವವರೆಗಿನ ಎಲ್ಲ ಹಂತಗಳಿಗೂ ಇದೇ ಆಧಾರ.

ಮೊದಲು ಅಳತೆಯನ್ನು ಗೊತ್ತುಮಾಡಿಕೊಳ್ಳಿ

ಅಮೆರಿಕದ ಕೆನ್ನರ್ ಕಂಪನಿಯು 1978ರಲ್ಲಿ ಸ್ಟಾರ್ ವಾರ್ಸ್ ಚಲನಚಿತ್ರದ ಗೊಂಬೆಗಳನ್ನು ಮೂರೂಮುಕ್ಕಾಲು ಇಂಚಿನ, ಅಂದರೆ ಸುಮಾರು 9.5 ಸೆಂಟಿಮೀಟರ್ ಎತ್ತರದಲ್ಲಿ ತಂದಿತು. ಗೊಂಬೆ ಚಿಕ್ಕದಾದಷ್ಟೂ ಅದು ಕೂರುವ ಆಕಾಶನೌಕೆಯನ್ನು ಕೈಗೆಟುಕುವ ಗಾತ್ರದಲ್ಲಿ ತಯಾರಿಸಬಹುದು ಎಂಬುದು ಈ ಅಳತೆಯ ದೊಡ್ಡ ಅನುಕೂಲವಾಗಿತ್ತು. ಇಂದಿಗೂ ಬಹಳಷ್ಟು ಜೋಡಿಗಳು ಇದೇ ಅಳತೆಯಲ್ಲಿ ಸಿಗುತ್ತವೆ. 2002ರಲ್ಲಿ ಆರಂಭವಾದ ಮಿನಿಮೇಟ್ಸ್ ಎಂಬ ಸರಣಿಯ ಗೊಂಬೆಗಳು ಸುಮಾರು ಎರಡು ಇಂಚಿನವು. ಅಷ್ಟು ಪುಟ್ಟ ಮೈಯಲ್ಲಿ 14 ಕೀಲುಗಳಿವೆ, ಮತ್ತು ಅವು ಮುಖ್ಯವಾಗಿ ಜೋಡಿಯಾಗಿಯೇ ಮಾರಾಟವಾಗಿವೆ. ಹಾಸ್ಬ್ರೋ ಕಂಪನಿಯ ಸ್ಟಾರ್ ವಾರ್ಸ್ ಗೊಂಬೆಗಳ ಬ್ಲ್ಯಾಕ್ ಸೀರೀಸ್ 2013ರಿಂದ ಆರು ಇಂಚಿನಲ್ಲಿ ಬರುತ್ತಿದೆ. ಬೇರೆ ಬೇರೆ ಅಳತೆಯ ಜೋಡಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಯಾವುದಕ್ಕೂ ನ್ಯಾಯ ಸಲ್ಲುವುದಿಲ್ಲವಾದ್ದರಿಂದ, ಹೊಸಬರು ಒಂದು ಅಳತೆಯನ್ನು ಆರಿಸಿಕೊಂಡು ಕೆಲಕಾಲ ಅದರಲ್ಲೇ ನಿಲ್ಲುವುದು ಒಳ್ಳೆಯದು.

ಪಾತ್ರವೋ, ಜೋಡಿಯೋ?

ಎರಡನೆಯ ನಿರ್ಧಾರ ಇದಕ್ಕಿಂತ ಮಹತ್ವದ್ದು. ನಿಮಗೆ ಬೇಕಾಗಿರುವುದು ಒಂದು ಪಾತ್ರವೇ ಅಥವಾ ಆ ಜೋಡಿಯೇ ಎಂಬುದನ್ನು ಹಣ ಕೊಡುವ ಮುನ್ನವೇ ಸ್ಪಷ್ಟಪಡಿಸಿಕೊಳ್ಳಬೇಕು. ತಯಾರಕರು ಹಲವು ಬಾರಿ ಎಲ್ಲರಿಗೂ ಪರಿಚಿತವಾದ ಗೊಂಬೆಯೊಂದರ ಜೊತೆಗೆ ಬೇರೆಲ್ಲೂ ಸಿಗದ ಮತ್ತೊಂದನ್ನು ಇಡುತ್ತಾರೆ. 1996ರ ಸ್ಟಾರ್ ವಾರ್ಸ್‌ನ ‘ಶ್ಯಾಡೋಸ್ ಆಫ್ ದಿ ಎಂಪೈರ್’ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ಚಲನಚಿತ್ರವೊಂದನ್ನು ಬಿಟ್ಟು ಕಾದಂಬರಿ, ಕಾಮಿಕ್, ವಿಡಿಯೊ ಗೇಮ್, ಗೊಂಬೆ ಎಲ್ಲವೂ ಇದ್ದ ಈ ಯೋಜನೆಯಲ್ಲಿ ಕೆನ್ನರ್ ಎರಡು ಜೋಡಿಗಳನ್ನು ಹೊರತಂದಿತು: ಡಾರ್ತ್ ವೇಡರ್ ಮತ್ತು ರಾಜಕುಮಾರ ಶಿಜೋರ್ ಒಂದರಲ್ಲಿ, ಬೋಬಾ ಫೆಟ್ ಮತ್ತು ಐಜಿ-88 ಇನ್ನೊಂದರಲ್ಲಿ. ಎರಡರಲ್ಲೂ ಗೊಂಬೆಗಳ ಜೊತೆ ಒಂದು ಕಾಮಿಕ್ ಪುಸ್ತಕವಿತ್ತು. ಬೋಬಾ ಫೆಟ್ ಅಷ್ಟರಲ್ಲಾಗಲೇ ಬಿಡಿಯಾಗಿಯೂ ಸಿಗುತ್ತಿದ್ದ. ಆದರೆ ಅವನಂತೆಯೇ ತಲೆಗೆ ಬೆಲೆ ಕಟ್ಟಿದವರನ್ನು ಬೇಟೆಯಾಡುವ ರೋಬಾಟ್ ಐಜಿ-88 ಬೇಕೆಂದವರು ಈ ಜೋಡಿಯನ್ನೇ ಕೊಳ್ಳಬೇಕಾಯಿತು.

ಪಾತ್ರವನ್ನು ಮಾತ್ರ ಬಯಸುವವರು ಇಂತಹ ಪ್ಯಾಕ್ ಒಡೆದು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮಾರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಜೋಡಿಗಳ ಸಂಗ್ರಹವೇ ಗುರಿಯಾಗಿದ್ದರೆ, ಈಗಾಗಲೇ ನಿಮ್ಮಲ್ಲಿರುವ ಗೊಂಬೆ ಮತ್ತೆ ಬಂದರೂ ಅದನ್ನು ಹೆಚ್ಚುವರಿ ಎಂದು ಬೇರ್ಪಡಿಸಬಾರದು. ಇಬ್ಬರು ಬೇಟೆಗಾರರ ಪೈಪೋಟಿಯನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ತೋರಿಸುವುದಕ್ಕಾಗಿಯೇ ಆ ಪ್ಯಾಕ್ ರೂಪುಗೊಂಡಿದೆ. ಒಬ್ಬನನ್ನು ತೆಗೆದ ಮೇಲೆ ಉಳಿಯುವುದು ಬರೀ ಒಂದು ರೋಬಾಟ್.

ಕೊಳ್ಳುವಾಗ ನೋಡಬೇಕಾದದ್ದು

ಸೀಲ್ ಒಡೆಯದ ಪ್ಯಾಕ್ ಆದರೆ ಮೊದಲು ಪ್ಯಾಕಿಂಗ್‌ನ ಅಂಚುಗಳನ್ನು ಪರೀಕ್ಷಿಸಬೇಕು. ಬ್ಲಿಸ್ಟರ್ ಎಂದು ಕರೆಯುವ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ ರಟ್ಟಿಗೆ ಅಂಟಿಕೊಂಡಿರುವ ಕಡೆ ಅಂಟಿನ ಗೆರೆ ಸುತ್ತಲೂ ಒಂದೇ ರೀತಿ ಇರಬೇಕು. ಒಂದು ಬದಿಯಲ್ಲಿ ಮಾತ್ರ ಅಂಟು ಹೊರಚೆಲ್ಲಿದ್ದರೆ ಅಥವಾ ರಟ್ಟಿನ ಮೇಲ್ಪದರ ಕಿತ್ತು ಬಂದಿದ್ದರೆ ಒಮ್ಮೆ ತೆರೆದು ಮತ್ತೆ ಅಂಟಿಸಿರುವ ಸಾಧ್ಯತೆ ಹೆಚ್ಚು. ಪೆಟ್ಟಿಗೆಯಾದರೆ ಟೇಪನ್ನು ನೋಡಿ. ಒಂದು ಟೇಪಿನ ಕೆಳಗೆ ಇನ್ನೊಂದು ಟೇಪಿನ ಗುರುತು ಕಂಡರೆ, ಅಥವಾ ಟೇಪಿನ ಅಂಚಿನಲ್ಲಿ ಕಾಗದದ ನಾರು ಎದ್ದಿದ್ದರೆ ಕಾರಣ ಕೇಳಿ.

ಜೋಡಿಗಳಲ್ಲಿ ಒಂದು ವಿಶೇಷ ಅಪಾಯವಿದೆ. ಪ್ಯಾಕ್ ತೆರೆದವರು ಎರಡರಲ್ಲಿ ಬೆಲೆಬಾಳುವ ಗೊಂಬೆಯನ್ನು ತೆಗೆದುಕೊಂಡು, ಅದೇ ಪಾತ್ರದ ಹಳೆಯ ಬಿಡಿ ಗೊಂಬೆಯನ್ನು ಆ ಜಾಗದಲ್ಲಿ ಇಟ್ಟಿರಬಹುದು. ಹಿಂಬದಿಯ ಚಿತ್ರಕ್ಕೂ ಒಳಗಿನ ಗೊಂಬೆಗೂ ಬಣ್ಣ, ಬೆಲ್ಟು, ಮುಖದ ಗೆರೆಗಳನ್ನು ಒಂದೊಂದಾಗಿ ಹೋಲಿಸಿ ನೋಡಿ. ಟ್ರೇಯಲ್ಲಿ ಗೊಂಬೆ ಸಡಿಲವಾಗಿ ಅಲ್ಲಾಡುತ್ತಿದ್ದರೆ ಅನುಮಾನಿಸಿ, ಏಕೆಂದರೆ ಟ್ರೇಯಲ್ಲಿ ಗೊಂಬೆ ಕೂರುವ ಗುಳಿಯನ್ನು ಸಾಮಾನ್ಯವಾಗಿ ಅದೇ ಗೊಂಬೆಯ ಮೈಕಟ್ಟಿಗೆ ಹೊಂದುವಂತೆ ಅಚ್ಚು ಹಾಕಿರುತ್ತಾರೆ.

ಬಿಡಿಯಾಗಿ ಸಿಕ್ಕ ಎರಡು ಗೊಂಬೆಗಳನ್ನು ಸೇರಿಸಿ ಜೋಡಿ ಪೂರ್ಣಗೊಳಿಸುವುದಾದರೆ, ಕಾಲಿನ ಅಥವಾ ಬೆನ್ನಿನ ಮೇಲೆ ಉಬ್ಬಕ್ಷರದಲ್ಲಿರುವ ಗುರುತುಗಳನ್ನು ಭೂತಗನ್ನಡಿಯಲ್ಲಿ ಓದಿಕೊಳ್ಳಬೇಕು. ಕೆನ್ನರ್‌ನ ಮೊದಲ ಗೊಂಬೆಗಳ ಮೇಲೆ ‘ಜಿಎಂಎಫ್‌ಜಿಐ’ ಮತ್ತು 1977 ಎಂದಿರುತ್ತದೆ. ಅಂದಿನ ಮಾಲೀಕ ಕಂಪನಿ ಜನರಲ್ ಮಿಲ್ಸ್ ಫನ್ ಗ್ರೂಪ್‌ನ ಹೆಸರಿನ ಮೊದಲಕ್ಷರಗಳವು. ಗೊಂಬೆಗಳು ಅಂಗಡಿಗೆ ಬಂದದ್ದು 1978ರಲ್ಲಿ. ಅಂದರೆ ಮೈಮೇಲಿನ ಇಸವಿ ಹಕ್ಕುಸ್ವಾಮ್ಯದ್ದೇ ಹೊರತು ತಯಾರಿಕೆಯದ್ದಲ್ಲ. ಹಳೆಯ ಅಚ್ಚನ್ನೇ ಬಳಸಿ ಬಣ್ಣ ಮಾತ್ರ ಬದಲಿಸುವುದು ಈ ಉದ್ಯಮದಲ್ಲಿ ಸಾಮಾನ್ಯವಾದ್ದರಿಂದ, ಒಂದೇ ಪ್ಯಾಕಿನ ಇಬ್ಬರ ಮೇಲೆ ಬೇರೆ ಬೇರೆ ಇಸವಿ ಇದ್ದರೂ ಜೋಡಿ ಅಸಲಿಯೇ ಆಗಿರಬಹುದು. ಇಸವಿ ಹೊಂದಲಿಲ್ಲವೆಂದು ಒಳ್ಳೆಯ ಜೋಡಿಯನ್ನು ಕೈಬಿಡಬೇಡಿ.

ಆಕ್ಷನ್ ಫಿಗರ್ ಅಥಾರಿಟಿಯಂತಹ ಸಂಸ್ಥೆಗಳು ಪ್ಯಾಕ್‌ಗಳನ್ನು ಪರೀಕ್ಷಿಸಿ, 100ರವರೆಗಿನ ಅಂಕ ಕೊಟ್ಟು ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚಿಕೊಡುತ್ತವೆ. ಹಳೆಯ, ಅಪರೂಪದ ಪ್ಯಾಕ್‌ಗಳಿಗೆ ಇದು ಸರಿ. ಇತ್ತೀಚಿನ ಜೋಡಿಗಳಿಗೆ ಅನಾವಶ್ಯಕವೆಂಬುದು ನನ್ನ ಅಭಿಪ್ರಾಯ.

ತೆರೆಯುವ ಕ್ರಮ

ತೆರೆಯಬೇಕೆಂದು ನಿರ್ಧರಿಸಿದ್ದರೆ ಕತ್ತರಿಗಿಂತ ಮೊದಲು ಕ್ಯಾಮೆರಾ ಕೈಗೆತ್ತಿಕೊಳ್ಳಿ. ಟ್ರೇಯಲ್ಲಿ ಯಾವ ಬಂದೂಕು ಯಾರ ಪಕ್ಕದಲ್ಲಿದೆ, ಮೇಲಂಗಿಯ ಮಡಿಕೆ ಹೇಗಿದೆ ಎಂಬುದೆಲ್ಲ ಆ ಒಂದು ಚಿತ್ರದಲ್ಲಿ ಉಳಿಯುತ್ತದೆ. ಬಳಿಕ ಪ್ಯಾಕಿನ ತಳದ ಅಥವಾ ಪಕ್ಕದ ಅಂಟನ್ನು ತೆಳುವಾದ ಬ್ಲೇಡಿನಿಂದ ನಿಧಾನವಾಗಿ ಬಿಡಿಸಿ ಟ್ರೇಯನ್ನು ಹೊರಗೆಳೆಯಿರಿ. ತಿರುಚಿದ ತಂತಿಗಳನ್ನು ಕತ್ತರಿಸದೆ ಬಿಚ್ಚಿದರೆ ಗೊಂಬೆಯ ಬಣ್ಣಕ್ಕೆ ಗೀರು ಬೀಳುವುದಿಲ್ಲ. ಆಯುಧವನ್ನು ಕೈಗೆ ಹಿಡಿಸಲು ರಬ್ಬರ್ ಬ್ಯಾಂಡ್ ಹಾಕಿದ್ದರೆ ಅದನ್ನು ಅಂದೇ ತೆಗೆದುಹಾಕಬೇಕು. ರಬ್ಬರ್ ಹಳತಾದಂತೆ ಒಣಗಿ ಬಿರುಕು ಬಿಟ್ಟು ಪ್ಲಾಸ್ಟಿಕ್‌ ಮೇಲೆ ಅಳಿಸಲಾಗದ ಕಂದು ಪಟ್ಟಿಯನ್ನು ಉಳಿಸುತ್ತದೆ.

ಪ್ರತಿ ಗೊಂಬೆಯ ಪರಿಕರಗಳನ್ನು ಒಂದೊಂದು ಪುಟ್ಟ ಜಿಪ್ ಚೀಲಕ್ಕೆ ಹಾಕಿ, ಎರಡು ಚೀಲಗಳನ್ನೂ ಜೋಡಿಯ ಹೆಸರು ಬರೆದ ಒಂದೇ ದೊಡ್ಡ ಚೀಲದಲ್ಲಿ ಇಡಬೇಕು. ಮಿನಿಮೇಟ್ಸ್ ವಿಷಯದಲ್ಲಿ ಇದು ಕಡ್ಡಾಯವೆಂದೇ ಹೇಳಬೇಕು, ಏಕೆಂದರೆ ಅವುಗಳ ತಲೆಗೂದಲು, ಟೋಪಿ, ಕೈಗಳೆಲ್ಲ ಕಳಚಿ ಬರುತ್ತವೆ ಮತ್ತು ಒಬ್ಬರದು ಇನ್ನೊಬ್ಬರಿಗೆ ಸಲೀಸಾಗಿ ಕೂರುತ್ತದೆ. ಕಾಮಿಕ್ ಪುಸ್ತಕವಿರುವ ಪ್ಯಾಕ್ ಆದರೆ ಆ ಪುಸ್ತಕವೂ ಜೋಡಿಯ ಮೂರನೆಯ ಸದಸ್ಯ. ಹಾಸ್ಬ್ರೋದ ‘ಕಾಮಿಕ್ ಪ್ಯಾಕ್’ಗಳಲ್ಲಿ ಎರಡು ಗೊಂಬೆಗಳ ಜೊತೆ ಅವು ಕಾಣಿಸಿಕೊಂಡ ಸಂಚಿಕೆಯ ಮರುಮುದ್ರಣವಿರುತ್ತದೆ, ಗೊಂಬೆಯ ಬಣ್ಣ ಚಲನಚಿತ್ರದಲ್ಲಿ ಕಂಡದ್ದಕ್ಕಿಂತ ಏಕೆ ಬೇರೆಯಾಗಿದೆ ಎಂಬುದಕ್ಕೆ ಅನೇಕ ಸಲ ಆ ಪುಟಗಳೇ ಉತ್ತರ ಕೊಡುತ್ತವೆ.

ಬಿಗಿಯಾದ ಕೀಲನ್ನು ಬಲವಂತವಾಗಿ ತಿರುಗಿಸಬೇಡಿ. ಆ ಭಾಗವನ್ನು ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಕೀಲು ಸಡಿಲಗೊಳ್ಳುತ್ತದೆ. ಬಾಗಿದ ಲೈಟ್‌ಸೇಬರನ್ನೂ (ಬೆಳಕಿನ ಕತ್ತಿ) ಹೀಗೆಯೇ ಬಿಸಿನೀರಿನಲ್ಲಿ ನೇರಗೊಳಿಸಿ ಕೂಡಲೇ ತಣ್ಣೀರಿನಲ್ಲಿ ಅದ್ದಿದರೆ ಆಕಾರ ನಿಲ್ಲುತ್ತದೆ. ಸ್ಟಿಕ್ಕರ್, ಬಟ್ಟೆ ಅಥವಾ ಬ್ಯಾಟರಿ ಇರುವ ಗೊಂಬೆಗಳಿಗೆ ಈ ಉಪಾಯ ಬೇಡ.

ಜೊತೆಗಿರಲಿ, ತಾಗದಿರಲಿ

ಬಹುತೇಕ ಗೊಂಬೆಗಳ ಗಟ್ಟಿ ಭಾಗಗಳು ಎಬಿಎಸ್ ಪ್ಲಾಸ್ಟಿಕ್‌ನವು, ಬಾಗುವ ಭಾಗಗಳು ಪಿವಿಸಿಯವು. ಪಿವಿಸಿ ಮೆದುವಾಗಿರಲೆಂದು ಬೆರೆಸಿದ ರಾಸಾಯನಿಕವು ವರ್ಷಗಳು ಕಳೆದಂತೆ ಮೇಲ್ಮೈಗೆ ಬರುತ್ತದೆ. ಹಳೆಯ ಗೊಂಬೆಗಳ ಕಾಲು ಕೈಗೆ ಅಂಟುವುದು ಇದರಿಂದಲೇ. ಇಂತಹ ಮೆದು ಭಾಗವು ಇನ್ನೊಂದು ಗೊಂಬೆಯ ಗಟ್ಟಿ ಮೈಗೆ ತಿಂಗಳುಗಟ್ಟಲೆ ಒತ್ತಿಕೊಂಡಿದ್ದರೆ ಅಲ್ಲಿ ಕರಗಿದಂತಹ ಕಲೆ ಉಳಿಯಬಹುದು. ಹಾಗಾಗಿ ಚೀಲದಲ್ಲಾಗಲಿ ಕಪಾಟಿನಲ್ಲಾಗಲಿ ಇಬ್ಬರ ನಡುವೆ ಬೆರಳಗಲದ ಅಂತರವನ್ನೋ, ಆಮ್ಲರಹಿತ ಕಾಗದದ ಪದರವನ್ನೋ ಇಡಬೇಕು. ಕತ್ತಿಗೆ ಕತ್ತಿ ತಾಗಿಸಿ ಕಾದಾಟದ ಭಂಗಿಯಲ್ಲಿ ನಿಲ್ಲಿಸುವ ಆಸೆಯಿದ್ದರೆ ಆಗಾಗ ಭಂಗಿ ಬದಲಿಸಿ.

ಅಂಟು ಬಂದ ಮೈಯನ್ನು ಉಗುರುಬೆಚ್ಚಗಿನ ನೀರು ಮತ್ತು ಒಂದು ಹನಿ ಪಾತ್ರೆ ತೊಳೆಯುವ ಸಾಬೂನಿನಿಂದ ಮೃದುವಾದ ಬ್ರಷ್‌ ಬಳಸಿ ತೊಳೆಯಬಹುದು. ಥಿನ್ನರ್‌ನಂತಹ ದ್ರಾವಕಗಳು ಬಣ್ಣವನ್ನೇ ಕೀಳುತ್ತವೆ. ಬಿಳಿಯ ಗೊಂಬೆಗಳು ಬಿಸಿಲು ಮತ್ತು ಶಾಖಕ್ಕೆ ಹಳದಿಯಾಗುತ್ತವೆ, ಮತ್ತು ಜೋಡಿಯಲ್ಲಿ ಒಂದು ಹಳದಿಯಾಗಿ ಇನ್ನೊಂದು ಹಾಗೆಯೇ ಉಳಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಆದ್ದರಿಂದ ಇಬ್ಬರನ್ನೂ ಒಂದೇ ಕಪಾಟಿನ ಒಂದೇ ಹಂತದಲ್ಲಿ, ಕಿಟಕಿಯಿಂದ ದೂರ ಇಡಬೇಕು. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ ಬಿಳುಪು ಮರಳಿಸುವವರಿದ್ದಾರೆ. ಹಳದಿ ಮತ್ತೆ ಬರುವ ಸಂಭವವಿರುವುದರಿಂದ ಅಪರೂಪದ ಗೊಂಬೆಗೆ ಅದನ್ನು ಮಾಡಬಾರದು.

ದಾಖಲೆ ಮತ್ತು ಹೆಚ್ಚುವರಿ ಪ್ರತಿಗಳು

ದಾಖಲೆ ಪುಸ್ತಕದಲ್ಲಿ ಗೊಂಬೆಗೊಂದು ಸಾಲಿನ ಬದಲು ಜೋಡಿಗೊಂದು ಸಾಲು ಇರಲಿ: ಸರಣಿ, ಇಬ್ಬರ ಹೆಸರು, ಇಬ್ಬರ ಮೈಮೇಲಿನ ಗುರುತು, ಪರಿಕರಗಳ ಎಣಿಕೆ, ಕೊಂಡ ದಿನ, ಪ್ಯಾಕಿಂಗ್‌ನ ಸ್ಥಿತಿ. ಇಡೀ ಜೋಡಿಯೇ ಎರಡನೆಯ ಸಲ ಕೈಸೇರಿದರೆ ಪರಿಕರಗಳು ಯಾವುದರಲ್ಲಿ ಪೂರ್ಣವಾಗಿವೆಯೋ ಅದನ್ನು ಉಳಿಸಿಕೊಂಡು ಇನ್ನೊಂದನ್ನು ಮಾರಿ ಅಥವಾ ವಿನಿಮಯ ಮಾಡಿಕೊಳ್ಳಿ. ಮಾರುವಾಗ ಯಾವ ಭಾಗ ನಕಲಿ, ಯಾವುದು ಬೇರೆ ಪ್ಯಾಕಿನಿಂದ ಬಂದದ್ದು, ಕಾಮಿಕ್ ಇದೆಯೇ ಇಲ್ಲವೇ ಎಂಬುದನ್ನು ಲಿಖಿತವಾಗಿ ತಿಳಿಸಿ, ತೆರೆಯುವ ಮುನ್ನ ತೆಗೆದ ಚಿತ್ರದ ಪ್ರತಿಯನ್ನೂ ಕೊಂಡವರಿಗೆ ಕೊಡಿ.