ನಾಡಿ ಎಣಿಸಿ, ಹೃದಯದ ದುಡಿಮೆ ಲೆಕ್ಕ ಹಾಕಿ

ಮನೆಯಲ್ಲಿ ಬಿಪಿ ಮೆಷಿನ್ ಇಟ್ಟುಕೊಂಡವರಿಗೂ ಎಷ್ಟೋ ಸಲ ನಾಡಿ ಹಿಡಿಯಲು ಬರುವುದಿಲ್ಲ. ಹೆಬ್ಬೆರಳು ಒತ್ತುತ್ತಾರೆ, ಹತ್ತು ಸೆಕೆಂಡ್ ಎಣಿಸಿ ಆರರಿಂದ ಗುಣಿಸುತ್ತಾರೆ, ಬಂದ ಅಂಕಿ ನೋಡಿ ಗಾಬರಿಯಾಗುತ್ತಾರೆ. ಸೆಕೆಂಡ್ ಮುಳ್ಳಿರುವ ಗಡಿಯಾರವೊಂದಿದ್ದರೆ ಸಾಕು, ಇದನ್ನು ಸರಿಯಾಗಿಯೇ ಮಾಡಬಹುದು.

ಮೊದಲು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಬೆಳಿಗ್ಗೆ, ಕಾಫಿಗೂ ಮುಂಚೆ ಎಣಿಸಿ. ಬೇರೆ ಹೊತ್ತು ನನಗೆ ಒಪ್ಪಿಗೆಯಿಲ್ಲ.

ಎಲ್ಲರೂ ಎಡವುವುದು ನಾಡಿ ಹುಡುಕುವಲ್ಲಿ. ಎಡ ಅಂಗೈ ಮೇಲೆ ಮಾಡಿ ಕೈಯನ್ನು ತೊಡೆಯ ಮೇಲೆ ಸಡಿಲವಾಗಿ ಇಡಿ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಕಡೆಗೆ ಇಳಿದರೆ ಹೊರಬದಿಗೆ ಮೂಳೆ, ಒಳಬದಿಗೆ ಹುರಿಯಂಥ ಗಟ್ಟಿ ಎಳೆ ಸಿಗುತ್ತವೆ. ಇವೆರಡರ ನಡುವಿನ ತಗ್ಗಿನಲ್ಲಿ ಬಲಗೈಯ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳು ಬೇಡ, ಅದರದ್ದೇ ಮಿಡಿತ ಕೈಗೆ ತಾಗಿ ಲೆಕ್ಕ ಕೆಡುತ್ತದೆ. ಗಟ್ಟಿಯಾಗಿ ಒತ್ತಿದರೆ ರಕ್ತನಾಳವೇ ಮುಚ್ಚಿಕೊಂಡು ಮಿಡಿತ ಮಾಯವಾಗುತ್ತದೆ. ಆಗ ಬೆರಳನ್ನು ಇನ್ನಷ್ಟು ಒತ್ತಬೇಡಿ, ಸಡಿಲಿಸುತ್ತಾ ಬನ್ನಿ. ಕತ್ತಿನಲ್ಲಿ ನೋಡುವವರು ಎರಡೂ ಬದಿ ಒಟ್ಟಿಗೆ ಒತ್ತಲೇಬಾರದು, ತಲೆಸುತ್ತಿ ಬೀಳಬಹುದು.

ಗಡಿಯಾರ ನೋಡಲು ಶುರು ಮಾಡಿದ ಕ್ಷಣದ ಬಡಿತ ಸೊನ್ನೆ, ಮುಂದಿನದು ಒಂದು. ಪೂರ್ತಿ ಅರವತ್ತು ಸೆಕೆಂಡ್ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿಯಲ್ಲಿ ಒಂದು ಬಡಿತ ತಪ್ಪಿದರೂ ನಾಲ್ಕು ತಪ್ಪಿದಂತೆ. ಫೋನಿನ ಕ್ಯಾಮೆರಾ ಮೇಲೆ ಬೆರಳಿಡಿಸುವ ಆ್ಯಪ್‌ಗಳನ್ನು ನಾನು ನಂಬುವುದಿಲ್ಲ. ಬೆರಳು ಅಲುಗಿದರೆ ಅಂಕಿಯೂ ಅಲುಗುತ್ತದೆ.

ಇನ್ನು ಗುಣಾಕಾರ. ನಿಮಿಷಕ್ಕೆ 70 ಬಂತು ಅನ್ನಿ. ಅದನ್ನು 1,440ರಿಂದ ಗುಣಿಸಿದರೆ ದಿನಕ್ಕೆ 1,00,800 ಬಡಿತ. 70 ವರ್ಷಕ್ಕೆ ಸುಮಾರು 257 ಕೋಟಿ. ಎಳೆ ಮಕ್ಕಳ ಹೃದಯ ಇನ್ನೂ ವೇಗವಾಗಿ ಬಡಿಯುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಹೆಚ್ಚೇ ಇರುತ್ತದೆ. ವಿಶ್ರಾಂತಿಯಲ್ಲಿ ಒಂದು ಬಡಿತಕ್ಕೆ ಅಂದಾಜು 70 ಮಿಲಿಲೀಟರ್ ರಕ್ತ ಹೊರಹೋಗುತ್ತದೆ. ಹಾಗಾದರೆ ದಿನಕ್ಕೆ ಏಳು ಸಾವಿರ ಲೀಟರ್! ಬೇಸಿಗೆಯಲ್ಲಿ ಬೆಂಗಳೂರಿನ ಮನೆಗಳ ಮುಂದೆ ನಿಲ್ಲುವ ಆರು ಸಾವಿರ ಲೀಟರಿನ ಟ್ಯಾಂಕರ್ ತುಂಬಿಯೂ ಮಿಗುತ್ತದೆ. ಇದಿಷ್ಟನ್ನೂ ದೂಡುವ ಸ್ನಾಯುವಿನ ತೂಕ ಸುಮಾರು 300 ಗ್ರಾಂ. ಅದಕ್ಕೆ ಸಿಗುವ ಬಿಡುವು ಎರಡು ಬಡಿತಗಳ ನಡುವಿನದ್ದು ಮಾತ್ರ. ಹೃದಯದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯುವುದೂ ಆ ಬಿಡುವಿನಲ್ಲೇ. ನಾಡಿ ಓಡಿದಷ್ಟೂ ಆ ಬಿಡುವು ಕಿರಿದಾಗುತ್ತದೆ.

ಒಂದು ವಾರ ಬರೆದಿಡಿ. ದೊಡ್ಡವರಲ್ಲಿ ವಿಶ್ರಾಂತಿಯ ನಾಡಿ ಸಾಮಾನ್ಯವಾಗಿ 60ರಿಂದ 100. ಚೆನ್ನಾಗಿ ವ್ಯಾಯಾಮ ಮಾಡುವವರಲ್ಲಿ ಇನ್ನೂ ಕಡಿಮೆ ಇರಬಹುದು. ಸುಮ್ಮನೆ ಕುಳಿತಾಗಲೂ ದಿನವೂ 100 ದಾಟುತ್ತಿದ್ದರೆ, ಬಡಿತ ತಾಳ ತಪ್ಪುತ್ತಿದ್ದರೆ ಆ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ, ಇಸಿಜಿ ಮಾಡಿಸಿ. ಜೊತೆಗೆ ಎದೆನೋವೋ ಉಸಿರಾಟದ ತೊಂದರೆಯೋ ಇದ್ದರೆ ಎಣಿಸುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.