ಐ7 ಅಂತ ಬರೆದಿದ್ದರೆ ಸಾಲದು, ಹತ್ತು ನಿಮಿಷ ಓಡಿಸಿ ನೋಡಿ

ಕಳೆದ ಎಪ್ರಿಲ್‌ನಲ್ಲಿ ಬದಿಯಡ್ಕದ ನಮ್ಮ ನೆರೆಮನೆಯ ಹುಡುಗ ಮಂಗಳೂರಿಗೆ ಹೋಗಿ ಹೊಸ ಲ್ಯಾಪ್‌ಟಾಪ್ ತಂದ. ಮದುವೆ ವಿಡಿಯೊ ಎಡಿಟ್ ಮಾಡುವ ಕೆಲಸ ಆಗಷ್ಟೇ ಶುರು ಮಾಡಿದ್ದ. ಎರಡು ವಾರ ಕಳೆದು ನನ್ನ ಹತ್ತಿರ ಬಂದ. "ಅಣ್ಣ, ಇದರಲ್ಲಿ ಐ7 ಉಂಟು. ಆದರೂ ಟೈಮ್‌ಲೈನ್ ತಡೆದು ತಡೆದು ಓಡ್ತದೆ" ಅಂದ. ಐ7 ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರ್, ಲ್ಯಾಪ್‌ಟಾಪಿನ ಮುಖ್ಯ ಚಿಪ್. ಸೆಟ್ಟಿಂಗ್ಸ್ ತೆರೆದು ಅದರ ಪೂರ್ತಿ ಹೆಸರು ನೋಡಿದೆ. ಐ7-1355ಯು. ಅಂಗಡಿಯಲ್ಲಿ ಅವನು "ಐ7 ಉಂಟಾ" ಅಂತ ಕೇಳಿದ್ದ, ಅವರು "ಉಂಟು" ಅಂದಿದ್ದರು. ಮಾತು ಅಲ್ಲಿಗೇ ಮುಗಿದಿತ್ತು.

ನಾನು ಯಕ್ಷಗಾನದ ಆಟಗಳನ್ನು ರೆಕಾರ್ಡ್ ಮಾಡಿ ಎಡಿಟ್ ಮಾಡುವವನು. ಕುಂಬಳೆ, ಪೆರ್ಲ, ಮುಳ್ಳೇರಿಯ ಕಡೆಯ ಪರಿಚಯದವರು ಲ್ಯಾಪ್‌ಟಾಪ್ ಕೊಳ್ಳುವಾಗ ನನ್ನನ್ನು ಕೇಳುತ್ತಾರೆ. ಹೆಚ್ಚಿನವರು ಕೇಳುವುದು ಕೊಂಡು ಆದ ಮೇಲೆ. ಆಗ ಹೇಳಿ ಏನು ಪ್ರಯೋಜನ? ಹಾಗಾಗಿ ಎಡಿಟಿಂಗ್‌ಗೋ ಗೇಮ್‌ಗೋ ಲ್ಯಾಪ್‌ಟಾಪ್ ಕೊಳ್ಳುವಾಗ ಪ್ರೊಸೆಸರ್ ಹೇಗೆ ನೋಡಬೇಕು ಅಂತ ಮುಂಚೆಯೇ ಬರೆದಿಡುತ್ತಿದ್ದೇನೆ.

ಹಂತ 1: ನಿಮ್ಮ ಕೆಲಸ ಯಾವುದು ಅಂತ ಒಂದು ಚೀಟಿಯಲ್ಲಿ ಬರೆಯಿರಿ

ಫೋಟೊ ಎಡಿಟಿಂಗ್ ಮಾತ್ರವಾದರೆ ತುಂಬಾ ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ) ಬೇಡ, ಒಂದೊಂದು ಕೋರ್ ಚುರುಕಾಗಿದ್ದರೆ ಸಾಕು. ಬ್ಲೆಂಡರ್‌ನಂಥ 3ಡಿ ಕೆಲಸದಲ್ಲಿ ರೆಂಡರ್ ಮಾಡುವುದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡ್. ವ್ಯಾಲೊರಂಟ್‌ನಂಥ ವೇಗದ ಗೇಮ್‌ಗೆ ಪ್ರೊಸೆಸರ್ ಮುಖ್ಯ. ಕಣ್ಣು ತುಂಬುವ ದೊಡ್ಡ ದೊಡ್ಡ ಗೇಮ್‌ಗಳಿಗೆ ಗ್ರಾಫಿಕ್ಸ್ ಕಾರ್ಡೇ ಮುಖ್ಯ, ಅಲ್ಲಿ ಪ್ರೊಸೆಸರ್‌ಗೆ ಜಾಸ್ತಿ ದುಡ್ಡು ಸುರಿಯಬೇಡಿ.

ವಿಡಿಯೊ ಎಡಿಟ್ ಮಾಡುವವರು ಇನ್ನೊಂದು ವಿಷಯ ಬರೆದುಕೊಳ್ಳಬೇಕು: ನಿಮ್ಮ ಕ್ಯಾಮೆರಾ ಯಾವ ಫೈಲ್ ಕೊಡುತ್ತದೆ? ಸೋನಿ ಎ7 ಮಾರ್ಕ್ 4ರಂಥ ಕ್ಯಾಮೆರಾದಲ್ಲಿ 10 ಬಿಟ್, 4:2:2, ಎಚ್.265 ಅಂತ ಒಂದು ಬಗೆಯ ಫೈಲ್ ಇದೆ, ಬಣ್ಣದ ವಿವರ ಜಾಸ್ತಿ ಇಟ್ಟು ಒತ್ತಿ ಸಣ್ಣದು ಮಾಡಿದ್ದು. ಬಣ್ಣ ತಿದ್ದಲು ಬಹಳ ಒಳ್ಳೆಯದು. ಚೌಕಿಯಿಂದ (ಯಕ್ಷಗಾನದವರು ವೇಷ ಕಟ್ಟುವ ಜಾಗ) ಈಗಷ್ಟೇ ಬಂದ ಬಣ್ಣದ ವೇಷದ ಮುಖವನ್ನು ಅದರಲ್ಲಿ ಹಿಡಿದು ನೋಡಿ, ಆ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಆದರೆ ಈ ಫೈಲ್ ಬಿಚ್ಚಲು ಚಿಪ್‌ನ ಒಳಗೆ ಅದಕ್ಕೆಂದೇ ಒಂದು ಭಾಗ ಬೇಕು. ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಚಿಪ್‌ಗಳ ಒಳಗೇ ಇರುವ ಗ್ರಾಫಿಕ್ಸ್‌ನಲ್ಲಿ ಅದು ಇದೆ, ಕ್ವಿಕ್ ಸಿಂಕ್ ಅಂತ ಹೆಸರು. ಆಪಲ್‌ನ ಎಂ ಸರಣಿಯಲ್ಲೂ ಇದೆ. ಎಎಮ್‌ಡಿ ಕಂಪನಿಯ ರೈಜನ್ 7000, 8000 ಸರಣಿಯ ಒಳಗಿನ ಗ್ರಾಫಿಕ್ಸ್‌ನಲ್ಲಿ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಮಾಡುವ ಎನ್ವಿಡಿಯಾದಲ್ಲಿ 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ ಬಂತು, 40 ಸರಣಿಯಲ್ಲಿ ಇರಲಿಲ್ಲ. ಅಂದರೆ ರೈಜನ್ ಜೊತೆಗೆ ಆರ್‌ಟಿಎಕ್ಸ್ 4060 ಇರುವ ದುಬಾರಿ ಲ್ಯಾಪ್‌ಟಾಪೂ ಈ ಒಂದು ಫೈಲಿನ ಮುಂದೆ ಏದುಸಿರು ಬಿಡುತ್ತದೆ. ಈಗಾಗಲೇ ಅಂಥದ್ದನ್ನು ಕೊಂಡಿದ್ದರೆ ಹೆದರಬೇಡಿ. ಪ್ರಾಕ್ಸಿ, ಅಂದರೆ ಹಗುರವಾದ ನಕಲು ಫೈಲ್, ಮಾಡಿಕೊಂಡು ಎಡಿಟ್ ಮಾಡಿ, ಸರಾಗವಾಗಿ ನಡೆಯುತ್ತದೆ.

ಇಲ್ಲೇ ಇನ್ನೊಂದು ಮಾತು. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಬಂದ್ ಮಾಡಿ ಬರೀ ಎನ್ವಿಡಿಯಾದಲ್ಲಿ ಓಡಿಸುವ ಮೋಡ್ ಇರುತ್ತದೆ. ಗೇಮ್ ಆಡುವಾಗ ಒಳ್ಳೆಯದು. ಅದನ್ನು ಹಾಗೇ ಬಿಟ್ಟು ಎಡಿಟಿಂಗ್‌ಗೆ ಕೂತರೆ ಕ್ವಿಕ್ ಸಿಂಕ್ ಕೂಡ ಸಿಗುವುದಿಲ್ಲ.

ಹಂತ 2: ಹೆಸರಿನ ಬಾಲ ಓದಿ

ಐ5, ಐ7 ಎಂಬುದು ಮನೆತನದ ಹೆಸರಿನ ಹಾಗೆ. ಆಳು ಯಾರು ಅಂತ ತಿಳಿಯುವುದು ಅದರ ನಂತರದ ಅಂಕಿಗಳು ಮತ್ತು ಕೊನೆಯ ಅಕ್ಷರದಿಂದ. ನೆರೆಮನೆಯ ಹುಡುಗನ ಐ7-1355ಯು ಚಿಪ್‌ನಲ್ಲಿ ದೊಡ್ಡ ಕೋರ್ ಎರಡೇ, ಸಣ್ಣವು ಎಂಟು. ಅದರ ಮೂಲ ವಿದ್ಯುತ್ ಮಿತಿ 15 ವ್ಯಾಟ್. ಅದೇ ತಲೆಮಾರಿನ ಐ5-13500ಎಚ್‌ನಲ್ಲಿ ದೊಡ್ಡ ಕೋರ್ ನಾಲ್ಕು, ಸಣ್ಣವು ಎಂಟು, ಮಿತಿ 45 ವ್ಯಾಟ್. ಎಡಿಟಿಂಗ್‌ಗೆ ಆ ಐ7ಕ್ಕಿಂತ ಈ ಐ5 ಎಷ್ಟೋ ಮೇಲು. ಐ7-13700ಎಚ್ ಆದರೆ ಆರು ದೊಡ್ಡವು, ಎಂಟು ಸಣ್ಣವು. ಬಾಲದಲ್ಲಿ ಎಚ್‌ಎಕ್ಸ್ ಇದ್ದರೆ ಇನ್ನೂ ದೊಡ್ಡದು. ಐ9-13980ಎಚ್‌ಎಕ್ಸ್‌ನಲ್ಲಿ ಒಟ್ಟು 24 ಕೋರ್ ಇವೆ.

ಇಂಟೆಲ್ 12 ಮತ್ತು 13ನೇ ತಲೆಮಾರಿಗೆ ನಾನು ಹೇಳಿಕೊಡುವ ಸುಲಭ ಗುರುತು ಇದು: ನಾಲ್ಕು ಅಂಕಿ ಇದ್ದರೆ ತೆಳು ಲ್ಯಾಪ್‌ಟಾಪಿನ ಚಿಪ್, ಐದು ಅಂಕಿ ಇದ್ದರೆ ಭಾರದ ಕೆಲಸದ್ದು. 2023ರ ಡಿಸೆಂಬರ್‌ನಲ್ಲಿ ಬಂದ ಕೋರ್ ಅಲ್ಟ್ರಾದಿಂದ ಈ ಗುರುತು ನಡೆಯುವುದಿಲ್ಲ. ಆದರೆ ಬಾಲದ ಅಕ್ಷರ ಉಳಿದಿದೆ. ಅಲ್ಟ್ರಾ 7 155ಎಚ್ ಕೆಲಸದ ಚಿಪ್. ಅಲ್ಟ್ರಾ 7 258ವಿ ಬ್ಯಾಟರಿ ಬಾಳಿಕೆಗೆ ಮಾಡಿದ್ದು, ಅದರ ರ‍್ಯಾಮ್ ಚಿಪ್‌ನ ಜೊತೆಗೇ ಕೂತಿರುತ್ತದೆ. ಆಮೇಲೆ ಹೆಚ್ಚಿಸಲು ಆಗುವುದಿಲ್ಲ.

ರೈಜನ್‌ನಲ್ಲಿ ಮೋಸ ಹೋಗುವುದು 7000 ಸರಣಿಯಲ್ಲಿ. ಅಲ್ಲಿ ಮೂರನೇ ಅಂಕಿ ನೋಡಬೇಕು, ಚಿಪ್‌ನ ಒಳಗಿನ ವಿನ್ಯಾಸ ಎಷ್ಟು ಹಳೆಯದು ಅಂತ ಅದು ಹೇಳುತ್ತದೆ. 7520ಯುನಲ್ಲಿ 2 ಇದೆ, ಅದು 2019ರಲ್ಲಿ ಬಂದ ಜೆನ್ 2 ಎಂಬ ವಿನ್ಯಾಸ. 7735ಎಚ್‌ಎಸ್‌ನಲ್ಲಿ 3. 7840ಎಚ್‌ಎಸ್‌ನಲ್ಲಿ 4. ಕೊನೆಯ ಎರಡರಲ್ಲೂ ಎಂಟೆಂಟೇ ಕೋರ್, ಆದರೂ ಎರಡನೆಯದು ಹೊಸ ವಿನ್ಯಾಸ, ಜಾಸ್ತಿ ಚುರುಕು. ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸ ಇದ್ದರೆ ಕಣ್ಣು ಮುಚ್ಚಿ 7840ಎಚ್‌ಎಸ್ ತೆಗೆದುಕೊಳ್ಳಿ. ರೈಜನ್ ಎಐ 9 ಎಚ್‌ಎಕ್ಸ್ 370 ಎಂಬ ಹೆಸರಲ್ಲೂ ಎಚ್‌ಎಕ್ಸ್ ಇದೆ. ಅದು ಇಂಟೆಲ್‌ನ ಎಚ್‌ಎಕ್ಸ್ ಥರದ್ದಲ್ಲ, 12 ಕೋರ್‌ನ ತೆಳು ಲ್ಯಾಪ್‌ಟಾಪಿನ ಚಿಪ್. ಒಳ್ಳೆಯ ಚಿಪ್ಪೇ, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹಂತ 3: ಹತ್ತು ನಿಮಿಷದ ಪರೀಕ್ಷೆ

ಎಲ್ಲರೂ ಎಡವುವುದು ಇಲ್ಲಿ. ಹೆಸರು ಸರಿಯಾಗಿ ಓದಿದವರೂ ಎಡವುತ್ತಾರೆ. ಯಾಕೆಂದರೆ ಒಂದೇ ಐ7-13700ಎಚ್ ಅನ್ನು ಒಬ್ಬರು ತೆಳುವಾದ ಮೈಯಲ್ಲಿ ಕೂರಿಸುತ್ತಾರೆ, ಇನ್ನೊಬ್ಬರು ದಪ್ಪ ಮೈಯಲ್ಲಿ, ಎರಡು ದೊಡ್ಡ ಫ್ಯಾನ್ ಜೊತೆ. ಆ ಚಿಪ್ ಸ್ವಲ್ಪ ಹೊತ್ತಿಗೆ 115 ವ್ಯಾಟ್‌ವರೆಗೆ ಎಳೆಯಬಲ್ಲದು. ಬಿಸಿ ಏರಿದ ಮೇಲೆ ತೆಳು ಮೈಯಲ್ಲಿ 40 ವ್ಯಾಟ್ ಸುತ್ತಮುತ್ತ ಬಂದು ನಿಲ್ಲಬಹುದು, ದಪ್ಪದರಲ್ಲಿ 70, 80ರಲ್ಲಿ ನಡೆಯುತ್ತಿರಬಹುದು. ಹೆಸರು ಒಂದೇ, ಕೆಲಸ ಬೇರೆ. ರಾತ್ರಿಯಿಡೀ ನಡೆದ ಆಟದ ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ ಮೊದಲ ಅರ್ಧ ನಿಮಿಷದ ವೇಗದಿಂದ ನಮಗೇನು ಆಗಬೇಕು? ಗಂಟೆಗಟ್ಟಲೆ ಉಳಿಯುವ ವೇಗ ಬೇಕು. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ರೆಕಾರ್ಡ್ ಮಾಡಿದರೆ ಒಂದು ಗಂಟೆಗೆ 45 ಜಿಬಿ. ಎಂಟು ಗಂಟೆಯ ಆಟಕ್ಕೆ 360 ಜಿಬಿ. ಅಷ್ಟನ್ನೂ ಈ ಚಿಪ್ ಅಗಿಯಬೇಕು.

ಹಿಂದಿನ ದಿನವೇ ಪೆನ್‌ಡ್ರೈವ್‌ನಲ್ಲಿ ಎರಡು ತಂತ್ರಾಂಶ ಹಾಕಿಟ್ಟುಕೊಳ್ಳಿ: ಪ್ರೊಸೆಸರ್‌ಗೆ ಭಾರದ ಕೆಲಸ ಕೊಟ್ಟು ಅಂಕ ಹಾಕುವ ಸಿನೆಬೆಂಚ್ ಆರ್23 ಮತ್ತು ಬಿಸಿ, ವಿದ್ಯುತ್ ಎಷ್ಟು ಅಂತ ತೋರಿಸುವ ಎಚ್‌ಡಬ್ಲ್ಯುಇನ್ಫೊ. ಎರಡೂ ಉಚಿತ, ಇನ್‌ಸ್ಟಾಲ್ ಮಾಡುವ ಅಗತ್ಯ ಇಲ್ಲ. ಅಂಗಡಿಯಲ್ಲಿ ಡೆಮೊ ಇಟ್ಟ ಲ್ಯಾಪ್‌ಟಾಪ್ ಕೇಳಿ. ಅದರದ್ದೇ ಚಾರ್ಜರ್ ಹಾಕಿಸಿ. ಡೆಮೊ ಮೇಜಿನ ಮೇಲೆ ಎಷ್ಟೋ ಸಲ ಬೇರೆ ಸಣ್ಣ ಚಾರ್ಜರ್ ಸಿಕ್ಕಿಸಿರುತ್ತಾರೆ, ಬ್ಯಾಟರಿಯಲ್ಲೇ ಓಡಿಸುವುದೂ ಉಂಟು. ಹಾಗೆ ತೆಗೆದ ಅಂಕಕ್ಕೆ ಬೆಲೆ ಇಲ್ಲ. ಕಂಪನಿಯ ಕಂಟ್ರೋಲ್ ತಂತ್ರಾಂಶದಲ್ಲಿ ಪರ್ಫಾರ್ಮೆನ್ಸ್ ಮೋಡ್ ಆರಿಸಿ.

ಮೊದಲು ಸಿನೆಬೆಂಚ್‌ನ ಕನಿಷ್ಠ ಅವಧಿಯನ್ನು ಆಫ್ ಮಾಡಿ ಮಲ್ಟಿ ಕೋರ್ ಒಂದು ಸಲ ಓಡಿಸಿ. ಅಂಕ ಬರೆದುಕೊಳ್ಳಿ. ಆಮೇಲೆ ಅವಧಿಯನ್ನು 10 ನಿಮಿಷಕ್ಕೆ ಇಟ್ಟು ಮತ್ತೆ ಓಡಿಸಿ. ಈ ಹೊತ್ತಿನಲ್ಲಿ ಎಚ್‌ಡಬ್ಲ್ಯುಇನ್ಫೊ ತೆರೆದು ಸಿಪಿಯು ಪ್ಯಾಕೇಜ್ ಪವರ್ ಎಂಬ ಸಾಲು ಹುಡುಕಿ. ಮೊದಲು ಮೇಲೆ ಹಾರುತ್ತದೆ, ಆಮೇಲೆ ಇಳಿದು ಒಂದು ಕಡೆ ನಿಲ್ಲುತ್ತದೆ. ನಿಂತ ಆ ಸಂಖ್ಯೆ ನಿಮಗೆ ಬೇಕಾದ್ದು. ಚೀಟಿಯಲ್ಲಿ ಅದಕ್ಕೆ ಸುತ್ತು ಹಾಕಿ. ಕೊನೆಯ ಅಂಕ ಮೊದಲಿನದಕ್ಕಿಂತ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇಳಿದಿದ್ದರೆ ನಾನು ಆ ಲ್ಯಾಪ್‌ಟಾಪ್ ಬೇಡ ಅನ್ನುತ್ತೇನೆ, ಎಷ್ಟೇ ಚಂದ ಇರಲಿ.

ಬಿಸಿಯ ಸಾಲನ್ನೂ ನೋಡಿ. ಅಂಗಡಿಯ ಎಸಿಯಲ್ಲಿ 24 ಡಿಗ್ರಿ ಇರುತ್ತದೆ. ನಮ್ಮ ಮನೆಯ ಕೋಣೆ ಎಪ್ರಿಲ್‌ನಲ್ಲಿ 34. ಹತ್ತು ಡಿಗ್ರಿ ಅಂತರ. ಚಿಪ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಮೇಲೇರುತ್ತದೆ. ಅಂಗಡಿಯಲ್ಲೇ 95 ಮುಟ್ಟಿದ್ದರೆ ಮನೆಯಲ್ಲಿ ಏರಲು ಜಾಗವೇ ಇಲ್ಲ, ಅದು ತನ್ನ ವೇಗ ಇಳಿಸಿಕೊಳ್ಳುತ್ತದೆ. ನೆರೆಮನೆಯ ಹುಡುಗನಿಗೆ ತಗಡಿನ ಮಾಡಿನ ಕೋಣೆಯಲ್ಲಿ ಆದದ್ದು ಇದೂ ಹೌದು.

ಪೆನ್‌ಡ್ರೈವ್ ಹಾಕಲು ಬಿಡದಿದ್ದರೆ ಜಗಳ ಬೇಡ. ಅದೇ ಮಾಡೆಲ್‌ನ ಪರೀಕ್ಷೆಯನ್ನು ನೋಟ್‌ಬುಕ್‌ಚೆಕ್ ತಾಣದಲ್ಲಿ ಹುಡುಕಿ, ಅವರು ಸಿನೆಬೆಂಚ್ ಅನ್ನು ಸಾಲಾಗಿ ಹಲವು ಸಲ ಓಡಿಸಿ ಗೆರೆ ಎಳೆದು ತೋರಿಸುತ್ತಾರೆ. ಗೆರೆ ನೇರ ಇದ್ದರೆ ಒಳ್ಳೆಯದು.

ನೀಲಿ ದೀಪದ ಅಗ್ಗದ ಕೂಲಿಂಗ್ ಪ್ಯಾಡ್‌ಗೆ ದುಡ್ಡು ಹಾಕಬೇಡಿ. ಲ್ಯಾಪ್‌ಟಾಪಿನ ಹಿಂಬದಿಗೆ ಎರಡು ಮರದ ತುಂಡು ಇಟ್ಟು ಎತ್ತರಿಸಿದರೆ ಗಾಳಿ ಚೆನ್ನಾಗಿ ಹೋಗುತ್ತದೆ. ವೇಗ ಹೆಚ್ಚಿಸುತ್ತೇವೆ ಅನ್ನುವ ಬೂಸ್ಟರ್ ತಂತ್ರಾಂಶಗಳನ್ನಂತೂ ಹತ್ತಿರ ಸೇರಿಸಬೇಡಿ.

ಹಂತ 4: ಗ್ರಾಫಿಕ್ಸ್ ಮತ್ತು ರ‍್ಯಾಮ್

ಆರ್‌ಟಿಎಕ್ಸ್ 4060ಕ್ಕೂ ಇದೇ ಕಥೆ, 35ರಿಂದ 115 ವ್ಯಾಟ್‌ವರೆಗೆ ಕಂಪನಿ ತನಗೆ ಬೇಕಾದಷ್ಟು ಕೊಡುತ್ತದೆ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಗರಿಷ್ಠ ಪವರ್ ಎಷ್ಟು ಅಂತ ಕಾಣುತ್ತದೆ. ರ‍್ಯಾಮ್ 16 ಜಿಬಿ, ಎರಡು ಕಡ್ಡಿಯಲ್ಲಿ. ಒಂದೇ ಕಡ್ಡಿ ಇದ್ದರೆ ಗೇಮ್‌ನ ವೇಗ ಇಳಿಯುತ್ತದೆ.

ಹಂತ 5: ಬಿಲ್ಲಿಗೆ ಮುಂಚೆ ಪಿನ್‌ಕೋಡ್

ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಅಂತ ಹೇಳಿದರೆ ನಿಮ್ಮ ಊರಿನ ಪಿನ್‌ಕೋಡ್ ಕೊಟ್ಟು ಕಂಪನಿಗೇ ಫೋನ್ ಮಾಡಿ ಕೇಳಿ. ಗಡಿಯ ತಲಪಾಡಿ ದಾಟಿ ಈಚೆ ಕಾಸರಗೋಡಿನ ಕಡೆಗೆ ಬರುತ್ತಾರೋ ಇಲ್ಲವೋ ಅಂತ ಆಗಲೇ ಗೊತ್ತಾಗಲಿ.

ಮನೆಗೆ ತಂದ ದಿನ ಅದೇ ಹತ್ತು ನಿಮಿಷದ ಪರೀಕ್ಷೆ ಮತ್ತೊಮ್ಮೆ ಮಾಡಿ. ಅಂಕದ ಫೋಟೊ ತೆಗೆದಿಡಿ, ಕೋಣೆಯ ಬಿಸಿಯನ್ನೂ ಬರೆದಿಡಿ. ವರ್ಷ ಕಳೆದು ಅದೇ ತಿಂಗಳಲ್ಲಿ ಪುನಃ ಓಡಿಸಿ. ಅಂಕ ತುಂಬಾ ಇಳಿದಿದ್ದರೆ ಹಿಂಬದಿ ಬಿಚ್ಚಿಸಿ ಫ್ಯಾನ್ ನೋಡಿಸಿ. ಜಗಲಿಯಲ್ಲಿ ಅಡಿಕೆ ಸುಲಿಯುವ ಮನೆಯಾದರೆ ಅಲ್ಲಿ ಧೂಳು ಗಟ್ಟಿಯಾಗಿ ಕೂತಿರುತ್ತದೆ.