ಹೊಡೆದಾಟದ ಕೈದಿ: ಅಳೆಯುವುದು ಹೇಗೆ, ನಡೆಸಿಕೊಳ್ಳುವುದು ಹೇಗೆ

ಬೆಳಗಾವಿ ಸೀಮೆಯಲ್ಲಿ ಜೈಲಿನೊಳಗೆ ಆಪ್ತಸಮಾಲೋಚನೆಗೆ ಬರುವ ಹೊಸಬರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: ‘ಮೇಡಂ, ಅವನು ಮೈಮೇಲೆ ಬಂದರೆ?’ ಬರಬಹುದು. ಅದಕ್ಕೇ ಕುರ್ಚಿಯ ವಿಷಯ ಮೊದಲು. ಬಾಗಿಲಿಗೆ ಹತ್ತಿರದ ಕುರ್ಚಿ ನಿಮ್ಮದು. ಆದರೆ ಅವನ ದಾರಿಗೆ ಅಡ್ಡ ಕೂರಬೇಡಿ, ಮೂಲೆಗೆ ಸಿಕ್ಕಿಬಿದ್ದೆ ಎನಿಸಿದವನೇ ಬೇಗ ಕೈ ಎತ್ತುತ್ತಾನೆ. ವಾರ್ಡರ್ ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳಿಸದಂತೆ ನಿಲ್ಲಲಿ. ಮೇಜಿನ ಮೇಲೆ ಗಾಜಿನ ಲೋಟ ಬೇಡ. ಭಯದ ಬಗ್ಗೆ ಇಷ್ಟು ಸಾಕು. ನಿಜವಾದ ಕೆಲಸ ಕಾಗದದ ಮೇಲಿದೆ.

ಕೈದಿಯನ್ನು ನೋಡುವ ಮುನ್ನ ತೀರ್ಪಿನ ಪ್ರತಿ, ಹಿಸ್ಟರಿ ಟಿಕೆಟ್ (ಜೈಲಿನಲ್ಲಿ ಅವನ ನಡವಳಿಕೆಯ ದಾಖಲೆ), ವೈದ್ಯಕೀಯ ಕಡತ ಮೂರನ್ನೂ ಓದಿ. ತಲೆಗೆ ಪೆಟ್ಟು ಬಿದ್ದಿತ್ತೇ, ಮೂರ್ಛೆ ರೋಗ ಇದೆಯೇ, ಕುಡಿತ ಎಷ್ಟಿತ್ತು ಎಂಬುದನ್ನು ಹುಡುಕಿ. ದಿನವೂ ಕುಡಿಯುತ್ತಿದ್ದವನು ಜೈಲಿಗೆ ಬಂದ ಎರಡನೆಯ ಮೂರನೆಯ ದಿನ ಬೆವರಿ, ನಡುಗಿ, ಇಲ್ಲದ್ದನ್ನು ಕಂಡು ಪಕ್ಕದವನ ಮೇಲೆ ಎರಗಿದರೆ ಅದು ಗೂಂಡಾಗಿರಿಯಲ್ಲ. ಮದ್ಯ ಏಕಾಏಕಿ ನಿಂತಾಗ ಬರುವ ಸನ್ನಿ ಅದು. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಅಂಥವನನ್ನು ಸೆಲ್‌ಗೆ ತಳ್ಳಬಾರದು, ಆಸ್ಪತ್ರೆಗೆ ಕಳುಹಿಸಬೇಕು. ಮನೋರೋಗದ ಶಂಕೆಯಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ತೋರಿಸುವಂತೆ ಜೈಲಿನ ವೈದ್ಯರಿಗೆ ಅಂದೇ ಲಿಖಿತವಾಗಿ ತಿಳಿಸಿ. ಬಾಯಿಮಾತಿನ ಶಿಫಾರಸು ಗೇಟಿನಾಚೆ ಹೋಗುವುದಿಲ್ಲ.

ಎದುರು ಕೂತ ಮೇಲೆ ಬಹುವಚನದಲ್ಲಿ ಮಾತನಾಡಿಸಿ. ಇಡೀ ದಿನ ‘ಏ ಲೇ’ ಕೇಳಿಸಿಕೊಂಡ ಮನುಷ್ಯನಿಗೆ ‘ಬನ್ನಿ, ಕೂಡ್ರಿ’ ಎಂದರೆ ಅರ್ಧ ಬಿಗಿ ಸಡಿಲವಾಗುತ್ತದೆ. ಆಮೇಲೆ ನೀವು ಯಾರು, ವರದಿ ಯಾರ ಕೈಗೆ ಹೋಗುತ್ತದೆ, ಯಾವುದನ್ನು ಗುಟ್ಟಾಗಿ ಇಡಲಾರಿರಿ ಎಂಬುದನ್ನು ಮೊದಲೇ ಹೇಳಿ. ಇನ್ನೊಬ್ಬರನ್ನು ಅಥವಾ ತನ್ನನ್ನೇ ಕೊಲ್ಲುವ ಮಾತು ಬಂದರೆ ಅಧೀಕ್ಷಕರಿಗೆ ತಿಳಿಸಲೇಬೇಕಾಗುತ್ತದೆ ಎನ್ನಿ. ವಿಚಾರಣಾಧೀನ ಕೈದಿಯಾದರೆ ಕೇಸಿನ ಘಟನೆಯನ್ನು ಕೆದಕಬೇಡಿ. ವಕೀಲರೊಂದಿಗಿನ ಮಾತಿಗೆ ಕಾನೂನು ಕೊಡುವ ರಕ್ಷಣೆ ನಮ್ಮೊಂದಿಗಿನ ಮಾತಿಗಿಲ್ಲ. ಅವನು ನಿಮ್ಮೆದುರು ಒಪ್ಪಿಕೊಂಡದ್ದು ನಾಳೆ ಅವನ ಕೊರಳಿಗೇ ಸುತ್ತಿಕೊಳ್ಳಬಹುದು. ಬೆಳಗಾವಿಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮರಾಠಿ ಅಥವಾ ಉರ್ದು ಮಾತ್ರ ಬಲ್ಲವನಿಗೆ ಅದೇ ಬ್ಯಾರಕ್‌ನ ಕೈದಿಯನ್ನು ದುಭಾಷಿ ಮಾಡಿಕೊಂಡರೆ ಸಂಜೆಯೊಳಗೆ ಅವನ ಮಾತೆಲ್ಲ ಬ್ಯಾರಕ್‌ಗೆ ಗೊತ್ತಾಗಿರುತ್ತದೆ.

‘ಯಾಕೆ ಹೊಡೆದಿರಿ?’ ಎಂದು ಕೇಳಬೇಡಿ. ‘ಸಿಟ್ಟು ಬಂತು’ ಎನ್ನುತ್ತಾನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಆ ದಿನವನ್ನು ಬೆಳಗಿನಿಂದ ಕೇಳಿ: ಹಿಂದಿನ ರಾತ್ರಿ ನಿದ್ದೆ ಬಂದಿತ್ತೇ, ಮುಲಾಕಾತಿಗೆ (ಮನೆಯವರ ಭೇಟಿಗೆ) ಯಾರಾದರೂ ಬಂದಿದ್ದರೇ, ಕೋರ್ಟಿನ ದಿನಾಂಕ ಮುಂದಕ್ಕೆ ಹೋಗಿತ್ತೇ, ಕ್ಯಾಂಟೀನಿನ ಲೆಕ್ಕದಲ್ಲಿ ಹಣವಿತ್ತೇ, ಮೊದಲ ಮಾತು ಯಾರದು, ಆಗ ಸುತ್ತ ಯಾರಿದ್ದರು. ಬದುವಿನ ಜಗಳದಲ್ಲಿ ದಾಯಾದಿಯನ್ನು ಕಡಿದು ಬಂದ ಒಬ್ಬನಿದ್ದ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಕಡತದಲ್ಲಿ ‘ಅತಿ ಅಪಾಯಕಾರಿ’ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಅವನ ಹೊಡೆದಾಟಗಳನ್ನು ದಿನಾಂಕದ ಪ್ರಕಾರ ಸಾಲಾಗಿ ಬರೆದು ನೋಡಿದರೆ, ಎಲ್ಲವೂ ಮುಲಾಕಾತಿಗೆ ಯಾರೂ ಬಾರದ ದಿನಗಳಂದು, ಸಂಜೆ ಎಣಿಕೆಯ ಹೊತ್ತಿಗೆ, ಯಾರಾದರೂ ಅವನ ತಾಯಿಯ ಹೆಸರೆತ್ತಿದಾಗ ಆಗಿದ್ದವು. ಉಳಿದ ದಿನ ಅವನು ಅಡುಗೆಮನೆಯಲ್ಲಿ ಕೈಯಲ್ಲಿ ಚಾಕು ಹಿಡಿದು ಈರುಳ್ಳಿ ಹೆಚ್ಚುತ್ತಿದ್ದ, ಒಬ್ಬರಿಗೂ ಗೀರು ಬಿದ್ದಿರಲಿಲ್ಲ. ಇಂಥವನ ಬಗ್ಗೆ ನೀವು ಬರೆಯಬೇಕಾದದ್ದು ಅವನು ಎಂಥವನು ಎಂದಲ್ಲ. ಯಾವಾಗ, ಯಾರ ಮೇಲೆ, ಏನಾದರೆ ಕೈ ಎತ್ತುತ್ತಾನೆ, ಏನು ಮಾಡಿದರೆ ಎತ್ತುವುದಿಲ್ಲ ಎಂದು. ಕೆಂಪು ಶಾಯಿಯ ಷರಾ ಓದಿ ವಾರ್ಡರ್ ಲಾಠಿ ಗಟ್ಟಿ ಹಿಡಿಯಬಹುದು, ಅಷ್ಟೆ. ‘ಮುಲಾಕಾತಿಗೆ ಯಾರೂ ಬಾರದ ದಿನ ಸಂಜೆ ನಾಲ್ಕು ಗಂಟೆಗೆ ಒಂದು ಸಲ ಮಾತನಾಡಿಸಿ, ಎಣಿಕೆಯಲ್ಲಿ ಇಂಥವನ ಪಕ್ಕ ನಿಲ್ಲಿಸಬೇಡಿ’ ಎಂದಿದ್ದರೆ ಅವರಿಗೆ ಮಾಡಲು ಒಂದು ಕೆಲಸ ಸಿಗುತ್ತದೆ.

ಮಾಪನಗಳ ಬಗ್ಗೆ ಸ್ವಲ್ಪ ಹೇಳಬೇಕು. ಎಚ್‌ಸಿಆರ್-20 ಎಂಬ, ಹಿಂಸೆಯ ಅಪಾಯ ಅಂದಾಜಿಸುವ ಮಾಪನದಲ್ಲಿ ಇಪ್ಪತ್ತು ಅಂಶಗಳಿವೆ: ಹತ್ತು ಗತಕಾಲದವು, ಐದು ಈಗಿನ ಮನಃಸ್ಥಿತಿಯವು, ಐದು ಮುಂದಿನ ನಿರ್ವಹಣೆಯವು. ನೋಡಬೇಕಾದ್ದು ಮರೆಯದಿರಲು ಅದು ಒಳ್ಳೆಯದು. ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಅವರ ಪಿಸಿಎಲ್-ಆರ್ ಮನೋವಿಕೃತಿಯನ್ನು ಅಳೆಯುವ 40 ಅಂಕಗಳ ಪಟ್ಟಿ. ಉತ್ತರ ಅಮೆರಿಕದಲ್ಲಿ 30ನ್ನು ಗೆರೆಯಾಗಿ ಹಿಡಿಯುತ್ತಾರೆ. ಆ ಗೆರೆಯನ್ನು ತಂದು ಅಥಣಿಯ ಕಬ್ಬು ಕಡಿಯುವವನ ಮೇಲೆ ಎಳೆಯಬೇಡಿ. ತರಬೇತಿಯಿಲ್ಲದೆ ಅದನ್ನು ಮುಟ್ಟಲೇಬೇಡಿ. ‘ಮನೋವಿಕೃತ’ ಎಂಬ ಷರಾ ಕಡತಕ್ಕೆ ಒಮ್ಮೆ ಹತ್ತಿದರೆ ಪೆರೋಲ್ ಅರ್ಜಿಯವರೆಗೂ ಬೆನ್ನು ಬಿಡುವುದಿಲ್ಲ.

ಇನ್ನು ಒಂಟಿ ಸೆಲ್. ಗಲಾಟೆಯಾದ ತಕ್ಷಣ ಎಲ್ಲರಿಗೂ ಹೊಳೆಯುವುದು ಅದೇ. ಇಬ್ಬರನ್ನು ಕೆಲವು ಗಂಟೆ ಬೇರೆ ಮಾಡುವುದು ಬೇರೆ, ಒಬ್ಬನನ್ನು ಮನುಷ್ಯರ ಮಾತಿನಿಂದಲೇ ಕತ್ತರಿಸಿ ಇಡುವುದು ಬೇರೆ. ಏಕಾಂತ ಸೆರೆಯನ್ನು ಶಿಕ್ಷೆಯಾಗಿ ವಿಧಿಸುವ ನ್ಯಾಯಾಲಯಕ್ಕೂ ಮಿತಿಯಿದೆ: ಭಾರತೀಯ ನ್ಯಾಯ ಸಂಹಿತೆಯ 11 ಮತ್ತು 12ನೇ ಸೆಕ್ಷನ್‌ಗಳ ಪ್ರಕಾರ ಒಟ್ಟು ಮೂರು ತಿಂಗಳು ಮೀರುವಂತಿಲ್ಲ, ಒಂದು ಸಲಕ್ಕೆ 14 ದಿನ ದಾಟುವಂತಿಲ್ಲ. ಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳು ಸತತ 15 ದಿನ ಮೀರಿದ ಏಕಾಂತವನ್ನು ನಿಷೇಧಿಸುತ್ತವೆ. 1978ರಲ್ಲಿ ಸುನೀಲ್ ಬಾತ್ರಾ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಜೈಲುಗಳ ಕೈ ಕಟ್ಟಿತ್ತು. ಆದರೂ ಬೆಳಗಾವಿ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಬಿ.ಎ. ಉಮೇಶ್ ಅವರನ್ನು ವರ್ಷಗಟ್ಟಲೆ ಏಕಾಂತದಲ್ಲಿ ಇಡಲಾಗಿತ್ತು. 2022ರ ನವೆಂಬರ್‌ನಲ್ಲಿ ಅದೇ ಕಾರಣಕ್ಕೆ ಸುಪ್ರೀಂ ಕೋರ್ಟ್ ಅವರ ಮರಣದಂಡನೆಯನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು. ಅಪರಾಧ ಎಷ್ಟೇ ಘೋರವಾಗಿರಲಿ, ಕಾನೂನು ಮೀರಿ ಕೊಟ್ಟ ಶಿಕ್ಷೆ ಮೂಲ ಶಿಕ್ಷೆಯನ್ನೇ ಅಲುಗಾಡಿಸುತ್ತದೆ. ಮೇಲಿನವರಿಗೆ ನೀತಿ ಹೇಳಿ ಪ್ರಯೋಜನವಾಗದಾಗ ಈ ಪ್ರಕರಣ ಹೇಳಿ, ಕೇಳಿಸಿಕೊಳ್ಳುತ್ತಾರೆ. ‘ಇವನನ್ನು ಒಂಟಿಯಾಗಿ ಇಡಬಹುದು’ ಎಂಬ ಕಾಗದಕ್ಕೆ ನೀವು ಸಹಿ ಹಾಕಬೇಡಿ. ಶಿಸ್ತಿನ ಶಿಕ್ಷೆಯಲ್ಲಿ ಆರೋಗ್ಯ ಸಿಬ್ಬಂದಿಗೆ ಪಾತ್ರ ಇರಕೂಡದೆಂದು ಮಂಡೇಲಾ ನಿಯಮ 46 ಹೇಳುತ್ತದೆ. ಪ್ರತ್ಯೇಕವಾಗಿ ಇಟ್ಟೇಬಿಟ್ಟಿದ್ದರೆ ದಿನವೂ ಹೋಗಿ ನೋಡಿ, ಕಂಡದ್ದನ್ನು ಬರೆದಿಡಿ.

ಕೆಲಸ ಬದಲಿಸುವ ಶಿಫಾರಸು ಮಾಡುವಾಗ ಜಾತಿ ನೋಡಿ ಪೊರಕೆ ಕೊಡುವ ಹಳೆಯ ಚಾಳಿಗೆ ಸೊಪ್ಪು ಹಾಕಬೇಡಿ; 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೈಲು ಕೈಪಿಡಿಗಳಲ್ಲಿದ್ದ ಅಂಥ ನಿಯಮಗಳನ್ನು ರದ್ದು ಮಾಡಿದೆ.

ಕೈದಿಯನ್ನು ನಡೆಸಿಕೊಳ್ಳುವ ಯೋಜನೆ ಬರೆಯುವ ಮುನ್ನ ರಾತ್ರಿ ಪಾಳಿಯ ವಾರ್ಡರ್ ಜೊತೆ ಚಹಾ ಕುಡಿಯಿರಿ. ಯಾರು ನಿದ್ದೆಗೆಟ್ಟು ಓಡಾಡುತ್ತಾರೆ, ಯಾರು ಯಾರಿಗೆ ಬೀಡಿಯ ಸಾಲಗಾರ ಎಂಬುದು ಅವರಿಗೆ ಗೊತ್ತು, ಕಡತಕ್ಕೆ ಗೊತ್ತಿಲ್ಲ. ಬರೆದದ್ದು ಒಂದೇ ಪುಟದಲ್ಲಿರಲಿ, ಕನ್ನಡದಲ್ಲಿರಲಿ, ಮತ್ತೆ ನೋಡುವ ದಿನಾಂಕ ಇರಲಿ. ದಿನಾಂಕವಿಲ್ಲದ ಎಚ್ಚರಿಕೆ ಹತ್ತು ವರ್ಷ ಹಾಗೇ ಉಳಿದುಬಿಡುತ್ತದೆ. ಅವನನ್ನು ವಿಜಯಪುರಕ್ಕೋ ಕಲಬುರಗಿಗೋ ವರ್ಗ ಮಾಡಿದರೆ ಆ ಪುಟವೂ ಜೊತೆಗೆ ಹೋಗಬೇಕು. ಹೋಯಿತೇ ಎಂದು ಅಲ್ಲಿನ ಆಪ್ತಸಮಾಲೋಚಕರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.